ನಾಯಿ ನಿಂತಿದೆ, ಹಕ್ಕಿ ಎಲ್ಲಿ?

ಮಲೆನಾಡಿನ ಬೇಟೆನಾಯಿ ಗದ್ದಲದ ಪ್ರಾಣಿ. ಹಂದಿಯ ಜಾಡು ಸಿಕ್ಕಿತೆಂದರೆ ಬೊಗಳುತ್ತ ಅಟ್ಟಿಸಿಕೊಂಡು ಹೋಗುತ್ತದೆ, ಕಾಡುಕೋಳಿಯ ಸುಳಿವು ಹತ್ತಿದರೆ ಪೊದೆಗೆ ನುಗ್ಗಿ ಎಬ್ಬಿಸಿಬಿಡುತ್ತದೆ. ಯುರೋಪಿನಲ್ಲಿ ಇದಕ್ಕೆ ತದ್ವಿರುದ್ಧ ಸ್ವಭಾವದ ನಾಯಿಗಳ ಒಂದು ಬಳಗವೇ ಉಂಟು. ಇಂಗ್ಲೆಂಡಿನ ಪಾಯಿಂಟರ್ ಮತ್ತು ಸೆಟರ್ ಈ ಬಳಗದಲ್ಲಿ ಹೆಸರಾದವು. ಹುಲ್ಲಿನಲ್ಲಿ ಅಡಗಿದ ಗೌಜಲಕ್ಕಿಯ ವಾಸನೆ ಗಾಳಿಯಲ್ಲಿ ತೇಲಿಬಂದ ಕ್ಷಣದಲ್ಲಿಯೇ ಇವು ಓಡುತ್ತಿದ್ದ ಭಂಗಿಯಲ್ಲಿ ಕಲ್ಲಾಗಿ ನಿಲ್ಲುತ್ತವೆ. ಒಂದು ಮುಂಗಾಲು ಮಡಚಿರುತ್ತದೆ, ಬಾಲ ನೆಟ್ಟಗಿರುತ್ತದೆ, ಮೂತಿ ಹಕ್ಕಿ ಇರುವ ದಿಕ್ಕನ್ನು ತೋರುತ್ತದೆ. ಬೊಗಳುವುದಿಲ್ಲ, ಮೇಲೆ ಬೀಳುವುದಿಲ್ಲ. ಇದಕ್ಕೆ 'ಪಾಯಿಂಟ್ ಹಿಡಿಯುವುದು' ಎಂದು ಹೆಸರು.

ಈ ಗುಣ ಕಲಿಸಿ ಬರುವಂಥದಲ್ಲ. ಮೊದಲ ಸಲ ಹೊಲಕ್ಕೆ ಬಂದ ಎಳೆಯ ಪಾಯಿಂಟರ್ ಯಾರೂ ಹೇಳಿಕೊಡದೆ ಹೀಗೆ ನಿಲ್ಲುವುದುಂಟೆಂದು ಚಾರ್ಲ್ಸ್ ಡಾರ್ವಿನ್ 1859ರ ತನ್ನ ಮಹಾಗ್ರಂಥದಲ್ಲಿಯೇ ದಾಖಲಿಸಿದ್ದಾನೆ. ಬೇಟೆಪ್ರಾಣಿ ಮೇಲೆರಗುವ ಮುನ್ನ ಒಂದು ಗಳಿಗೆ ತಡೆದು ನಿಲ್ಲುತ್ತದಲ್ಲ, ಆ ಗಳಿಗೆಯನ್ನೇ ಮನುಷ್ಯ ತಲೆಮಾರುಗಳ ಆಯ್ಕೆಯಿಂದ ಹಿಗ್ಗಿಸಿ ನಿಮಿಷಗಳಷ್ಟು ಉದ್ದ ಮಾಡಿದ್ದಾನೆ. ಬಂದೂಕು ಬಳಕೆಗೆ ಬರುವ ಮೊದಲು ಇದರ ಉಪಯೋಗ ಬೇರೆಯೇ ಇತ್ತು. ನಾಯಿ ಮೈಯನ್ನು ನೆಲಕ್ಕೊತ್ತಿ ಕುಳಿತಿತೆಂದರೆ ಹಿಂದಿನಿಂದ ಬಂದವರು ನಾಯಿಯ ತಲೆಯ ಮೇಲಿಂದಲೇ ಬಲೆ ಎಳೆದು ಇಡೀ ಹಿಂಡನ್ನು ಹಿಡಿಯುತ್ತಿದ್ದರು. ಜಾನ್ ಕೀಸ್ ಎಂಬ ವೈದ್ಯ 1570ರಲ್ಲಿ ಲ್ಯಾಟಿನಿನಲ್ಲಿ ಬರೆದ ಇಂಗ್ಲೆಂಡಿನ ನಾಯಿಗಳ ಕುರಿತಾದ ಪುಸ್ತಕದಲ್ಲಿ ಇಂಥ ನಾಯಿಯ ಪ್ರಸ್ತಾಪವಿದೆ.

ಸಹ್ಯಾದ್ರಿಯ ಊರುಗಳಿಗೆ ಪರದೇಶದ ಶಿಕಾರಿನಾಯಿಯ ಕತೆ ಏಕೆ ಎಂಬ ಪ್ರಶ್ನೆ ಸಹಜ. ಆ ನಾಯಿಮರಿಯ ಶಿಕ್ಷಣ ಕಳೆದ ಒಂದೂವರೆ ಶತಮಾನದಲ್ಲಿ ಕೆಟ್ಟ ಬಗೆಯನ್ನು ನೋಡಿದರೆ, ನೆಲವನ್ನು ಹಾಳುಗೆಡವಿ ಲೆಕ್ಕವನ್ನು ಮಾತ್ರ ಸರಿದೂಗಿಸುವ ವಿದ್ಯೆ ಎಷ್ಟು ಹಳೆಯದು, ಅದು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಹಾಗಾಗಿ ಈ ಮಾತು.

ಹುಟ್ಟುಗುಣ ಇದ್ದಮಾತ್ರಕ್ಕೆ ಮರಿ ಕೆಲಸದ ನಾಯಿಯಾಗುವುದಿಲ್ಲ. ಎರಡು ಮೂರು ತಿಂಗಳ ಮರಿಯ ಮುಂದೆ ಕೋಲಿನ ತುದಿಗೆ ದಾರದಲ್ಲಿ ಹಕ್ಕಿಯ ರೆಕ್ಕೆ ಕಟ್ಟಿ ಆಡಿಸುವವರಿದ್ದಾರೆ. ಮರಿ ಅದರೆದುರು ಗಂಭೀರವಾಗಿ ನಿಲ್ಲುತ್ತದೆ, ಮನೆಮಂದಿ ಚಪ್ಪಾಳೆ ತಟ್ಟುತ್ತಾರೆ. ಅನುಭವಸ್ಥರು ಇದನ್ನು ಒಂದೆರಡು ಬಾರಿಗೇ ನಿಲ್ಲಿಸುತ್ತಾರೆ. ಏಕೆಂದರೆ ಅಲ್ಲಿ ಮರಿ ಕೆಲಸ ಮಾಡುವುದು ಕಣ್ಣಿನಿಂದ, ಬೇಕಾದದ್ದು ಮೂಗು. ನಿಜವಾದ ಪಾಠ ಶುರುವಾಗುವುದು ಹೊಲದಲ್ಲಿ. ಎದುರುಗಾಳಿಗೆ ಮುಖ ಮಾಡಿ, ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ನೇಗಿಲ ಸಾಲಿನಂತೆ ಓಡಾಡುತ್ತ ಇಡೀ ಹೊಲವನ್ನು ಮೂಸಿ ಮುಗಿಸುವುದು. ಕೊರಳಿಗೆ ಕಟ್ಟಿದ ಉದ್ದನೆಯ ಹಗ್ಗದ ಹಿಡಿತದಲ್ಲಿ 'ನಿಲ್ಲು' ಎಂದರೆ ನಿಲ್ಲುವುದು. ಹಕ್ಕಿ ಎದ್ದು ಹಾರಿದಾಗ ಬೆನ್ನಟ್ಟದೆ ಕುಳಿತುಬಿಡುವುದು. ಜೊತೆಯ ನಾಯಿ ಪಾಯಿಂಟ್ ಹಿಡಿದರೆ ಅದನ್ನು ಗೌರವಿಸಿ ತಾನೂ ನಿಲ್ಲುವುದು. ಇಷ್ಟನ್ನು ಮನುಷ್ಯ ಕಲಿಸಬಲ್ಲ.

ಉಳಿದ ಒಂದು ಪಾಠವಿದೆ, ಅದೇ ಮುಖ್ಯವಾದದ್ದು. ಹಕ್ಕಿಗೆ ಎಷ್ಟು ಹತ್ತಿರ ಹೋಗಬಹುದು, ಎಲ್ಲಿ ನಿಲ್ಲಬೇಕು? ಇದಕ್ಕೆ ಅಳತೆಗೋಲಿಲ್ಲ. ತಂಪು ಮುಂಜಾವಿನಲ್ಲಿ ವಾಸನೆ ದೂರ ಹೋಗುತ್ತದೆ, ಒಣಬಿಸಿಲಿನಲ್ಲಿ ಆವಿಯಾದಂತೆ ಕರಗುತ್ತದೆ. ಒಂದು ದಿನ ಹಕ್ಕಿ ಗಟ್ಟಿಯಾಗಿ ಕುಳಿತಿರುತ್ತದೆ, ಮರುದಿನ ಸಣ್ಣ ಸದ್ದಿಗೂ ಏಳುತ್ತದೆ. ಇದನ್ನು ಮರಿಗೆ ಕಲಿಸುವುದು ಸ್ವತಃ ಕಾಡಿನ ಹಕ್ಕಿ. ಮರಿ ಒಂದು ಹೆಜ್ಜೆ ಹೆಚ್ಚು ಇಟ್ಟಿತೋ, ಹಕ್ಕಿ ಬುರ್ರನೆ ಹಾರಿಹೋಗುತ್ತದೆ, ಮರಿಗೆ ಸಿಗುವುದು ಖಾಲಿ ಹುಲ್ಲು. ಹತ್ತಾರು ಬಾರಿ ಹೀಗೆ ಸೋತ ಮೇಲೆ ಅದಕ್ಕೆ ದೂರದಲ್ಲಿ ನಿಲ್ಲುವುದರ ಅರ್ಥ ತಿಳಿಯುತ್ತದೆ. ಹೊಡೆತವಿಲ್ಲದ, ಗದರಿಕೆಯಿಲ್ಲದ ಗುರುಕುಲ ಅದು. ಇಂಗ್ಲೆಂಡಿನ ಹಳೆಯ ತರಬೇತುದಾರರು ಇದಕ್ಕೆ ಆರಿಸುತ್ತಿದ್ದದ್ದು ಚಳಿಗಾಲದ ಕೊನೆಯನ್ನು. ಆ ವೇಳೆಗೆ ಗೌಜಲಕ್ಕಿಯ ಬೇಟೆಯ ಋತು ಮುಗಿದಿರುತ್ತದೆ, ಹಿಂಡು ಒಡೆದು ಜೋಡಿಗಳಾಗಿರುತ್ತವೆ, ಗೇಣುದ್ದದ ಎಳೆಗೋಧಿಯಲ್ಲಿ ಅವು ಅಲುಗದೆ ಕೂರುತ್ತವೆ. ಬಂದೂಕಿಗೆ ಅಲ್ಲಿ ಕೆಲಸವಿಲ್ಲ. ಹಕ್ಕಿ ಹಾರಿಹೋಗುತ್ತದೆ, ಮರಿ ಕಲಿಯುತ್ತದೆ.

ಆದರೆ ಹೊಲದಲ್ಲಿ ಗೌಜಲಕ್ಕಿಯೇ ಇಲ್ಲದಿದ್ದರೆ?

ಇಂದು ನಡೆಯುತ್ತಿರುವುದು ಅದೇ. ಬ್ರಿಟನ್ನಿನ ಬೂದು ಗೌಜಲಕ್ಕಿ 1960ರ ದಶಕದ ಕೊನೆಯಿಂದೀಚೆಗೆ ಶೇ. 90ಕ್ಕಿಂತ ಹೆಚ್ಚು ಕುಸಿದಿದೆ. ಅಟ್ಲಾಂಟಿಕ್ ಆಚೆಯ ಅಮೆರಿಕದಲ್ಲಿ ಪಾಯಿಂಟರ್ ನಾಯಿಗಳ ಪಾಠಪುಸ್ತಕವೆನಿಸಿದ್ದ ಬಾಬ್‌ವೈಟ್ ಲಾವಕ್ಕಿಯ ಗತಿಯೂ ಹೆಚ್ಚುಕಡಿಮೆ ಹೀಗೆಯೇ ಆಗಿದೆ. ಕಾಡಿನ ಹಕ್ಕಿಯ ಜಾಗಕ್ಕೆ ಈಗ ಬಂದಿರುವುದು ಪಂಜರದ್ದು. ಪಾರಿವಾಳದ ತಲೆಯನ್ನು ರೆಕ್ಕೆಯಡಿ ಸಿಕ್ಕಿಸಿ, ಗಿರಗಿರನೆ ತೂಗಿ ತಲೆತಿರುಗಿಸಿ, ಮಂಪರಿನಲ್ಲಿ ಹುಲ್ಲಿನೊಳಗೆ ಮಲಗಿಸುತ್ತಾರೆ. ಇಲ್ಲವೇ ಸ್ಪ್ರಿಂಗ್ ಪೆಟ್ಟಿಗೆಯಲ್ಲಿ ಸಾಕಿದ ಲಾವಕ್ಕಿಯನ್ನು ಮುಚ್ಚಿಟ್ಟು, ನಾಯಿ ಹತ್ತಿರ ಬಂದಾಗ ರಿಮೋಟ್ ಗುಂಡಿ ಒತ್ತಿ ಆಕಾಶಕ್ಕೆ ಚಿಮ್ಮಿಸುತ್ತಾರೆ. ನಾಯಿಯೇನು ಮೂರ್ಖನೇ? ಪೆಟ್ಟಿಗೆಯ ಕಬ್ಬಿಣದ ವಾಸನೆಯನ್ನೂ, ಅದನ್ನು ಇಟ್ಟುಹೋದ ಮನುಷ್ಯನ ಹೆಜ್ಜೆಯ ವಾಸನೆಯನ್ನೂ ಅದು ನಾಲ್ಕೇ ದಿನದಲ್ಲಿ ಓದಿಬಿಡುತ್ತದೆ. ಮಂಪರಿನ ಹಕ್ಕಿ ಹಾರುವುದಿಲ್ಲವೆಂದು ತಿಳಿದ ನಾಯಿ ನಿಲ್ಲುವುದನ್ನು ಬಿಟ್ಟು ಹೆಜ್ಜೆ ಹೆಜ್ಜೆಯಾಗಿ ಮುಂದೆ ತೆವಳಿ, ಕೊನೆಗೊಂದು ದಿನ ಹಕ್ಕಿಯನ್ನು ಬಾಯಲ್ಲಿ ಹಿಡಿಯುತ್ತದೆ. ಆಗ ಅದರ ಕೊರಳಿಗೆ ವಿದ್ಯುತ್ ಪಟ್ಟಿ ಬೀಳುತ್ತದೆ. ತಪ್ಪಿದರೆ ಗುಂಡಿ, ಗುಂಡಿಯೊತ್ತಿದರೆ ಶಾಕ್. ವೇಲ್ಸ್ ದೇಶ ಈ ಪಟ್ಟಿಯನ್ನು 2010ರಲ್ಲಿಯೇ ನಿಷೇಧಿಸಿದೆ. ಹಕ್ಕಿ ಹಾರಿಹೋಗಿ ಪುಕ್ಕಟೆಯಾಗಿ ಕಲಿಸುತ್ತಿದ್ದ ಪಾಠವನ್ನು ಕಲಿಸಲು ಒಂದು ಪೆಟ್ಟಿಗೆ, ಒಂದು ರಿಮೋಟ್, ಒಂದು ಬ್ಯಾಟರಿ ಬೇಕಾಯಿತು. ಆದರೂ ಪಾಠ ತಲೆಗೆ ಹತ್ತಲಿಲ್ಲ!

ಗೌಜಲಕ್ಕಿ ಎಲ್ಲಿ ಹೋಯಿತು ಎಂಬುದು ನಿಗೂಢವೇನಲ್ಲ. ಕೃಷಿಯ ವಿದ್ಯಾರ್ಥಿಗಳು ಈ ಭಾಗವನ್ನು ಸಾವಧಾನವಾಗಿ ಓದಬೇಕು, ಏಕೆಂದರೆ ಅವರ ಪಠ್ಯಗಳಲ್ಲಿ ಕಳೆನಾಶಕದ ಅಧ್ಯಾಯ ಇರುತ್ತದೆ, ಹಕ್ಕಿಮರಿಯ ಅಧ್ಯಾಯ ಇರುವುದಿಲ್ಲ. ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಸುಣ್ಣಕಲ್ಲಿನ ಗುಡ್ಡಗಳ ಮೇಲಿನ ಜಮೀನುಗಳಲ್ಲಿ 1968ರಲ್ಲಿ ಡಿಕ್ ಪಾಟ್ಸ್ ಎಂಬ ವಿಜ್ಞಾನಿ ಒಂದು ಅಧ್ಯಯನ ಆರಂಭಿಸಿದರು. ಗೋಧಿ, ಬಾರ್ಲಿ ಹೊಲಗಳಲ್ಲಿನ ಕಳೆ, ಕೀಟ, ಗೌಜಲಕ್ಕಿ ಮೂರನ್ನೂ ವರ್ಷವರ್ಷವೂ ಎಣಿಸುವ ಈ ಕೆಲಸ ಅರ್ಧ ಶತಮಾನ ದಾಟಿಯೂ ನಡೆದಿದೆ. ಬೂದು ಗೌಜಲಕ್ಕಿ ಒಂದು ಸೂಳಿಗೆ ಸುಮಾರು 15 ಮೊಟ್ಟೆ ಇಡುತ್ತದೆ. ಹಕ್ಕಿಲೋಕದಲ್ಲಿ ಇದು ಬಹು ದೊಡ್ಡ ಸಂಸಾರ. ಇಷ್ಟು ಮೊಟ್ಟೆ ಇಡುವ ಹಕ್ಕಿ ಏಕೆ ಅಳಿಯಬೇಕು?

ಉತ್ತರ ಮರಿಯ ಹೊಟ್ಟೆಯಲ್ಲಿತ್ತು. ದೊಡ್ಡ ಗೌಜಲಕ್ಕಿ ಕಾಳು, ಚಿಗುರು ತಿಂದು ಬದುಕುತ್ತದೆ. ಆದರೆ ಮೊಟ್ಟೆಯೊಡೆದ ಮೊದಲೆರಡು ವಾರ ಮರಿಗೆ ಹುಳುವೇ ಬೇಕು. ಗರಗಸ ನೊಣದ ಹುಳು, ಎಲೆ ತಿನ್ನುವ ಜೀರುಂಡೆ, ತಿಗಣೆ ಜಾತಿಯ ಕೀಟ, ಇವು ಅದರ ಊಟ. ಈ ಕೀಟಗಳಲ್ಲಿ ಬಹುಪಾಲು ಬದುಕುವುದು ಬೆಳೆಯ ಮೇಲಲ್ಲ, ಬೆಳೆಯ ಬುಡದಲ್ಲಿರುವ ಕಳೆಯ ಮೇಲೆ. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಎಂಸಿಪಿಎ, 2,4-ಡಿ ಎಂಬ ಕಳೆನಾಶಕಗಳು ಮಾರುಕಟ್ಟೆಗೆ ಬಂದವು. (ಎರಡನೆಯದರ ಡಬ್ಬಿಯನ್ನು ಭತ್ತ ಬೆಳೆಯುವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಗೌಜಲಮರಿಗೆ ಈ ಔಷಧಿ ನೇರವಾಗಿ ವಿಷವಾಗಲಿಲ್ಲ. ಸತ್ತ ಮರಿಯನ್ನು ಕೊಯ್ದು ನೋಡಿದ್ದರೂ ವಿಷದ ಕುರುಹು ಸಿಗುತ್ತಿರಲಿಲ್ಲ. ಕಳೆ ಹೋಯಿತು, ಕಳೆಯೊಂದಿಗೆ ಹುಳು ಹೋಯಿತು, ಹಸಿದ ಮರಿ ಊಟ ಹುಡುಕಿ ಹೆಚ್ಚು ದೂರ ಅಲೆದು ಚಳಿಗೆ, ಮಳೆಗೆ, ನರಿಗೆ ಸಿಕ್ಕಿ ಸತ್ತಿತು. ಮೊದಲು ಸುಮಾರು ಅರ್ಧದಷ್ಟು ಮರಿಗಳು ಬದುಕುತ್ತಿದ್ದಲ್ಲಿ ಆಮೇಲೆ ಮೂರನೆಯ ಒಂದು ಪಾಲೂ ಉಳಿಯದಂತಾಯಿತು. ಗೂಡುಕಟ್ಟುವ ಬೇಲಿಸಾಲುಗಳ ನಾಶವೂ, ಮೊಟ್ಟೆಗಳ್ಳ ಪ್ರಾಣಿಗಳ ಕಾಟವೂ ಇದಕ್ಕೆ ಸೇರಿಕೊಂಡವು ಎಂಬುದನ್ನು ಪಾಟ್ಸ್ ಮುಚ್ಚಿಡಲಿಲ್ಲ. 1986ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಮೂರಕ್ಕೂ ಲೆಕ್ಕವಿದೆ.

ಯಂತ್ರವೂ ಇದರಲ್ಲಿ ಪಾಲುದಾರನೇ. ಕುಡುಗೋಲಿನಿಂದ ಕೊಯ್ಯುತ್ತಿದ್ದ ಕಾಲದಲ್ಲಿ ಗೋಧಿಯ ಕೂಳೆ ಮೊಣಕಾಲೆತ್ತರ ಉಳಿಯುತ್ತಿತ್ತು. ಕೊಯ್ಲಿನ ನಂತರವೂ ಹಕ್ಕಿಗೆ ಮರೆ, ನಾಯಿಗೆ ಕೆಲಸ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೊಯ್ಲುಯಂತ್ರ ಬಂದು ಕೂಳೆಯನ್ನು ನೆಲಮಟ್ಟಕ್ಕೆ ಬೋಳಿಸಿತು. ಅದೇ ಕಾಲಕ್ಕೆ ಹಿಂದಿನಿಂದ ತುಂಬಿಸುವ ಬಂದೂಕು ಬಂದು ಗುಂಡಿನ ಮೇಲೆ ಗುಂಡು ಹಾರಿಸುವುದು ಸುಲಭವಾಯಿತು. ನಾಯಿಯ ಹಿಂದೆ ಮೈಲಿಗಟ್ಟಲೆ ನಡೆದು ನಾಲ್ಕು ಹಕ್ಕಿ ಹೊಡೆಯುವುದು ಶ್ರೀಮಂತರಿಗೆ ಬೇಸರವಾಯಿತು. ಸಾಲಾಗಿ ನಿಂತವರ ತಲೆಯ ಮೇಲೆ ಹಕ್ಕಿಗಳನ್ನು ಅಟ್ಟಿ ತರುವ ಪದ್ಧತಿ ಹಬ್ಬಿತು. ಮಲೆನಾಡಿನಲ್ಲಿ ಸೋವು ಎನ್ನುತ್ತಾರಲ್ಲ, ಅದೇ. ಸೋವಿಗೆ ಪಾಯಿಂಟರ್ ಬೇಡ. ಕೂಗುವ ಆಳು ಸಾಕು, ಹಕ್ಕಿಯ ರಾಶಿ ಬೇಕು.

ರಾಶಿಗೆ ಹಕ್ಕಿ ಎಲ್ಲಿಂದ ತರುವುದು? ಇಲ್ಲಿಂದ ಕತೆ ವ್ಯಾಪಾರದ್ದು. ಏಷ್ಯಾ ಮೂಲದ ಫೆಸೆಂಟ್ ಕೋಳಿ ಬ್ರಿಟನ್ನಿನ ಸ್ವಂತ ಹಕ್ಕಿಯಲ್ಲ. ಹೀಗಿದ್ದೂ ಇಂದು ಅಲ್ಲಿ ಪ್ರತಿ ಬೇಸಿಗೆಯಲ್ಲಿ 3 ಕೋಟಿಗೂ ಹೆಚ್ಚು ಫೆಸೆಂಟ್ ಮರಿಗಳನ್ನು ಸಾಕಿ ಶಿಕಾರಿಗೆಂದು ಕಾಡಿಗೆ ಬಿಡುತ್ತಾರೆಂದು ಅಂದಾಜು. ಕೆಂಗಾಲಿನ ಗೌಜಲಕ್ಕಿ ಇನ್ನೂ ಹಲವು ಲಕ್ಷ. ಅದೂ ಸ್ಥಳೀಯವಲ್ಲ. ಮೊಟ್ಟೆ, ಮರಿಗಳ ದೊಡ್ಡ ಪಾಲು ಫ್ರಾನ್ಸಿನಿಂದ ಬರುತ್ತದೆ. 2022ರಲ್ಲಿ ಹಕ್ಕಿಜ್ವರದಿಂದ ಆ ಆಮದಿಗೆ ತಡೆ ಬಿದ್ದಾಗ ಅನೇಕ ಶಿಕಾರಿಗಳು ರದ್ದಾದವು. ಬಿಟ್ಟ ಹಕ್ಕಿಗಳಲ್ಲಿ ಗುಂಡಿಗೆ ಬೀಳುವುದು ಅರ್ಧಕ್ಕಿಂತ ಕಡಿಮೆ. ಉಳಿದವು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕುತ್ತವೆ, ರೋಗದಿಂದ ಸಾಯುತ್ತವೆ, ನರಿಯ ಹೊಟ್ಟೆ ಸೇರುತ್ತವೆ. ಹೀಗೆ ಕೊಬ್ಬಿದ ನರಿಯೇ ಮುಂದಿನ ಬೇಸಿಗೆಯಲ್ಲಿ ಅಳಿದುಳಿದ ಗೌಜಲಕ್ಕಿಯ ಗೂಡಿಗೆ ಹೋಗುತ್ತದೆ. ಮರಿಗಳನ್ನು ಕೂಡಿಹಾಕುವ ಕಾಡಿನೊಳಗಿನ ದೊಡ್ಡಿಗಳಲ್ಲಿ ಹಿಕ್ಕೆಯ ಗೊಬ್ಬರ ಹೆಚ್ಚಾಗಿ ನೆಲದ ಗಿಡಗಳ ಸ್ವರೂಪವೇ ಬದಲಾಗುತ್ತದೆ. ಕೆಂಗಾಲಿನ ಹಕ್ಕಿಯ ಸೋವಿನಲ್ಲಿ ಬೂದು ಗೌಜಲಕ್ಕಿಯೂ ಬೆರೆತು ಹಾರಿ ಗುಂಡಿಗೆ ಬಲಿಯಾಗುತ್ತದೆ. ಹಾರುವ ಹಕ್ಕಿಯ ಕಾಲು ಯಾವ ಬಣ್ಣವೆಂದು ನೋಡುವ ವ್ಯವಧಾನ ಯಾರಿಗಿದೆ?

ಶಿಕಾರಿಯ ಸಮರ್ಥಕರ ವಾದವನ್ನೂ ಕೇಳಬೇಕು. ಶಿಕಾರಿ ಇರುವುದರಿಂದಲೇ ಬೇಲಿಸಾಲುಗಳು, ಸಣ್ಣ ಕಾಡುಗಳು ಉಳಿದಿವೆ ಎನ್ನುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಕೆಲವೆಡೆ ಹಾಗೆ ಉಳಿದಿರುವುದು ನಿಜ. ಪಾಟ್ಸ್ ಅವರ ಸಂಶೋಧನೆಗೆ ನೆಲೆ ಕೊಟ್ಟದ್ದೂ ಶಿಕಾರಿಯ ಆಸಕ್ತಿಯೇ. ಆದರೆ ಗೌಜಲಕ್ಕಿಯ ಮೇಲಿನ ಪ್ರೀತಿಯಿಂದ ಹೊಲದ ಅಂಚಿಗೆ ಕಳೆನಾಶಕ ಬೇಡವೆಂದ ಜಮೀನುದಾರನಿಗೂ, ದೂರದಿಂದ ತಂದ ಮರಿಗಳನ್ನು ಸಾವಿರಗಟ್ಟಲೆ ಸುರಿದು 'ಸಂರಕ್ಷಣೆ' ಎಂದು ಫಲಕ ಹಾಕುವವನಿಗೂ ವ್ಯತ್ಯಾಸವಿದೆ. ಮೊದಲನೆಯವನ ಹಕ್ಕಿ ಆ ನೆಲದ ಫಸಲು. ಎರಡನೆಯವನದು ಗೋದಾಮಿನ ಸರಕು. ಸರಕು ಬರುತ್ತಿರುವಷ್ಟು ದಿನ ನೆಲ ಸತ್ತರೂ ಅವನಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ನಾಯಿಗೆ ಮಾತ್ರ.

ಈ ಬಗೆಯ ಲೆಕ್ಕ ಮಲೆನಾಡಿಗೆ ಹೊಸದೇ? ಸಹಜ ಕಾಡು ಹೋದಲ್ಲಿ ಅಕೇಶಿಯಾ ನೆಟ್ಟು ಹಸಿರು ತೋರಿಸಿದ್ದು, ಅಣೆಕಟ್ಟಿನಿಂದ ಹೊಳೆಯ ಮೀನಿನ ಹಾದಿ ಕಟ್ಟಿದ ಮೇಲೆ ಹಿನ್ನೀರಿಗೆ ಸಾಕಿದ ಮೀನುಮರಿ ಬಿಟ್ಟದ್ದು, ಒಂದು ಮರಕ್ಕೆ ಹತ್ತು ಸಸಿ ಎಂಬ ಘೋಷಣೆ, ಎಲ್ಲವೂ ಅದೇ ಗೋದಾಮಿನ ಪುಸ್ತಕದಲ್ಲಿ ಬರೆದವು. ಅಕೇಶಿಯಾ ತೋಪಿನಲ್ಲಿ ಮರ ಎಣಿಸಿದರೆ ಲೆಕ್ಕ ಸರಿಯಾಗುತ್ತದೆ. ತರಗೆಲೆ ಕೆದಕಿ ಹುಳು ಹುಡುಕುವ ಕಾಡುಕೋಳಿಯ ಮರಿಯನ್ನು ಕೇಳಿದರೆ ಬೇರೆ ಲೆಕ್ಕ ಬರುತ್ತದೆ. ಕಾಡುಕೋಳಿ, ಗೌಜಲು, ಲಾವಕ್ಕಿ ಇವೆಲ್ಲ ಒಂದೇ ಗಣದ ಹಕ್ಕಿಗಳು. ಎಳೆಯದರಲ್ಲಿ ಎಲ್ಲಕ್ಕೂ ಹುಳುವೇ ಹಾಲು.

ಶಿಕಾರಿ ಹಕ್ಕಿ ಎಂಬ ಕಲ್ಪನೆಯೂ ಈ ಬೆಟ್ಟಗಳಿಗೆ ಹೊರಗಿನಿಂದಲೇ ಬಂದದ್ದು. ನೀಲಗಿರಿಯಲ್ಲಿ ಇಂಗ್ಲಿಷರು ಶೋಲಾ ಕಾಡುಗಳಿಗೆ ನಾಯಿ ನುಗ್ಗಿಸಿ ವುಡ್‌ಕಾಕ್ ಹಕ್ಕಿ, ಕಾಡುಕೋಳಿ ಹೊಡೆಯುತ್ತಿದ್ದರು. ಬೇಟೆ ಬರಿದಾಗುತ್ತ ಬಂದಾಗ 1879ರಲ್ಲಿ ನೀಲಗಿರಿಯ ಬೇಟೆ ಮತ್ತು ಮೀನು ಸಂರಕ್ಷಣೆಗೆಂದು ಕಾಯಿದೆ ಮಾಡಿದರು. ಬಂದೂಕಿಗಾಗಿ ಹಕ್ಕಿಯನ್ನು ಕಾಪಾಡುವ ಕಾಯಿದೆ ಅದು. ಸ್ವತಂತ್ರ ಭಾರತದ 1972ರ ವನ್ಯಜೀವಿ ಕಾಯಿದೆಯಲ್ಲಿಯೂ ಮೊದಲು ಪರವಾನಗಿಯ ಬೇಟೆಗೆ ಅವಕಾಶವಿತ್ತು. 1991ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಇಂದು ಕಾಡುಕೋಳಿಯ ಮೇಲೆ ನಾಯಿ ಬಿಡುವುದು ಅಪರಾಧ, ಅದು ಸರಿಯೂ ಹೌದು. ಹಬ್ಬದ ಹಿಂದಿನ ದಿನ ಟಾರ್ಚು ಹಿಡಿದು ಹೊರಡುವವರಿಗೆ ಈ ಪತ್ರಿಕೆಯಲ್ಲಿ ಬೆಂಬಲ ಸಿಗದು. ಆದರೆ ಒಂದು ಮಾತು. ಕಾಯಿದೆ ತಡೆಯುವುದು ಬಂದೂಕನ್ನು. ಕಳೆನಾಶಕದ ಸಿಂಪಡಣಾ ಯಂತ್ರವನ್ನಲ್ಲ. ಕಾಡುಕೋಳಿಯೊಂದನ್ನು ಹೊಡೆದವನ ಮೇಲೆ ಮೊಕದ್ದಮೆ ಹೂಡಬಹುದು. ಇಡೀ ತೋಟದ ಅಂಚನ್ನು ಗ್ಲೈಫೋಸೇಟಿನಿಂದ ಕೆಂಪಗೆ ಸುಟ್ಟು ಹತ್ತು ಸಂಸಾರಗಳ ಊಟ ಕಿತ್ತವನನ್ನು 'ಪ್ರಗತಿಪರ ಕೃಷಿಕ' ಎಂದು ಶಾಲು ಹೊದೆಸಿ ಸನ್ಮಾನಿಸಲಾಗುತ್ತದೆ. ಆಳು ಸಿಗುವುದಿಲ್ಲ, ಕೂಲಿ ಕೈಗೆಟುಕುವುದಿಲ್ಲ ಎಂಬುದು ನಿಜವಾದ ಕಷ್ಟ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಡೀ ತೋಟವನ್ನು ಕಳೆಗೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ.

ಹಾಗಾದರೆ ಪಾಯಿಂಟರ್ ನಾಯಿಗೆ ಇನ್ನು ಕೆಲಸವೇ ಇಲ್ಲವೇ? ಇದೆ, ಅದೂ ಬಂದೂಕಿಲ್ಲದ ಕೆಲಸ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಗ್ರೌಸ್ ಹಕ್ಕಿಯ ಗಣತಿಗೆ ಇಂದಿಗೂ ಪಾಯಿಂಟರ್‌ಗಳನ್ನು ಬಳಸುತ್ತಾರೆ. ವಸಂತದಲ್ಲಿ ಜೋಡಿಗಳ ಎಣಿಕೆ, ಬೇಸಿಗೆಯಲ್ಲಿ ಮರಿಗಳ ಎಣಿಕೆ. ಅಳಿವಿನಂಚಿನಲ್ಲಿರುವ ಕ್ಯಾಪರ್‌ಕೇಲಿ ಎಂಬ ದೊಡ್ಡ ಕಾಡುಹಕ್ಕಿಯ ಮರಿಗಳನ್ನು ಎಣಿಸಿದ್ದೂ ಇಂಥ ನಾಯಿಗಳ ಮೂಗಿನಿಂದಲೇ. ನ್ಯೂಜಿಲೆಂಡಿನಲ್ಲಿ ರಿಚರ್ಡ್ ಹೆನ್ರಿ ಎಂಬಾತ 1890ರ ದಶಕದಲ್ಲಿ ಬಾಯಿಗೆ ಕುಕ್ಕೆ ಹಾಕಿದ ನಾಯಿಯ ಸಹಾಯದಿಂದ ಹಾರಲಾರದ ಕಾಕಪೊ ಮತ್ತು ಕಿವಿ ಹಕ್ಕಿಗಳನ್ನು ಹುಡುಕಿ, ನೂರಾರು ಹಕ್ಕಿಗಳನ್ನು ದೋಣಿಯಲ್ಲಿ ದ್ವೀಪಕ್ಕೆ ಸಾಗಿಸಿದ. ಆ ದೇಶದ ಸಂರಕ್ಷಣಾ ಇಲಾಖೆ ಇಂದಿಗೂ ಇಂಥ ನಾಯಿಗಳನ್ನು ತರಬೇತುಗೊಳಿಸುತ್ತದೆ. ಹಕ್ಕಿಯನ್ನು ತೋರಿಸಿ ಮುಟ್ಟದೆ ನಿಲ್ಲುವ ಗುಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೇನಿದೆ? ಆದರೆ ಈ ನಾಯಿಗಳೂ ಕಲಿತದ್ದು ಕಾಡಿನ ಹಕ್ಕಿಯಿಂದಲೇ, ಸ್ಪ್ರಿಂಗ್ ಪೆಟ್ಟಿಗೆಯೊಂದರಿಂದಲೇ ಅಲ್ಲ.

ಸಸೆಕ್ಸಿನ ಕತೆ ಕುಸಿತದಲ್ಲಿಯೇ ಮುಗಿಯಲಿಲ್ಲ. 1980ರ ದಶಕದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಗೋಧಿ ಹೊಲದ ಅಂಚಿನಲ್ಲಿ ಕೇವಲ 6 ಮೀಟರ್ ಅಗಲದ ಪಟ್ಟಿಗೆ ಅಗಲೆಲೆ ಕಳೆಯ ಔಷಧಿಯನ್ನೂ ಕೀಟನಾಶಕವನ್ನೂ ಸಿಂಪಡಿಸದೆ ಬಿಟ್ಟರು. ಬೆಳೆ ಆ ಪಟ್ಟಿಯಲ್ಲಿಯೂ ಇತ್ತು, ಕೊಯ್ಲೂ ಆಯಿತು, ಇಳುವರಿ ಅಲ್ಲಿಯಷ್ಟೇ ತುಸು ತಗ್ಗಿತು. ಸಿಂಪಡಿಸದ ಅಂಚಿನ ಹೊಲಗಳಲ್ಲಿ ಗೌಜಲಕ್ಕಿಯ ಸಂಸಾರಗಳು ಎದ್ದುಕಾಣುವಷ್ಟು ದೊಡ್ಡವಾಗಿದ್ದವು. ಮುಂದೆ ಇದೇ ತಿಳಿವಳಿಕೆಯ ಮೇಲೆ ಸಸೆಕ್ಸಿನ ಅರುಂಡೆಲ್ ಬಳಿಯ ಪೆಪ್ಪರಿಂಗ್ ಎಂಬ ಜಮೀನಿನಲ್ಲಿ ಬೇಲಿಸಾಲು, ಹುಲ್ಲಿನ ಬದು, ಬಿತ್ತಿದ ಹೂಗಿಡಗಳ ಪಟ್ಟಿಗಳೊಂದಿಗೆ ಕೆಲಸ ಆರಂಭವಾಯಿತು. 2003ರ ವೇಳೆಗೆ ಅಲ್ಲಿ ಉಳಿದಿದ್ದದ್ದು ಬೆರಳೆಣಿಕೆಯ ಜೋಡಿ. ಹೊರಗಿನಿಂದ ತಂದ ಕೆಲವೇ ಜೋಡಿಗಳ ನೆರವು ಸೇರಿ, ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅವು ನೂರಾರು ಜೋಡಿಗಳಾದವು.

ಕೃಷಿ ವಿಶ್ವವಿದ್ಯಾಲಯಗಳು, ಅಡಿಕೆ ಕಾಫಿಗಳ ಸಂಶೋಧನಾ ಕೇಂದ್ರಗಳು ಕಳೆನಾಶಕದ ಶಿಫಾರಸು ಬರೆಯುವ ಪುಟದಲ್ಲಿಯೇ ಸಿಂಪಡಿಸಬಾರದ ಅಂಚಿನ ಅಳತೆಯನ್ನೂ ಬರೆಯಲಿ. ಮಲೆನಾಡಿನ ತೋಟಗಳಲ್ಲಿ, ಕಾಡಿಗೆ ತಾಗಿದ ಬದಿಯಲ್ಲಿ, ಅದನ್ನು ಪ್ರಯೋಗಿಸಿ ಹುಳುವನ್ನೂ ಮರಿಯನ್ನೂ ಎಣಿಸಿ ತೋರಿಸಲಿ. ಎಣಿಕೆಗೆ ಊರಿನ ವಿದ್ಯಾರ್ಥಿಗಳಿದ್ದಾರೆ. ಅದಕ್ಕೆ ಪರದೇಶದ ನಾಯಿಯೂ ಬೇಕಿಲ್ಲ, ಬೆಳಗಿನ ಜಾವ ಕಾಡುಕೋಳಿ ಕೂಗುವ ಹೊತ್ತಿಗೆ ಎದ್ದರೆ ಸಾಕು. ಅಲ್ಲಿಯವರೆಗೆ ಕಾಯಬೇಕೆಂಬ ನಿಯಮವೇನೂ ಇಲ್ಲ. ಒಂಬತ್ತು ಅಡಿಗೊಂದು ಗಿಡದ ಅಡಿಕೆತೋಟದಲ್ಲಿ 6 ಮೀಟರ್ ಎಂದರೆ ಬೇಲಿಯ ಪಕ್ಕದ ಎರಡು ಸಾಲು, ಅಷ್ಟೆ. ಈ ವರ್ಷ ಆ ಎರಡು ಸಾಲಿನ ಕಳೆಯನ್ನು ಕತ್ತಿಯಲ್ಲಿ ಸವರಿದರೆ ಸಾಕು, ಪಂಪನ್ನು ಮೂರನೆಯ ಸಾಲಿನಿಂದ ಶುರುಮಾಡಬಹುದು.